ರೆಕ್ಕೆಯ ಮೇಲಿನ ಹೆಬ್ಬೆರಳು

ಆ ಬೀದಿಯಲ್ಲಿ ಅಕ್ಕನಿಗೆ ಬೆಳ್ಳಿ ಎಂದೂ ತಂಗಿಗೆ ಗಾಜು ಎಂದೂ ಹೆಸರು ಬಿದ್ದು ಹದಿನಾಲ್ಕು ವರ್ಷವಾಗಿತ್ತು. ಸೈಕಲ್ ರಿಪೇರಿ ಅಂಗಡಿಯ ಮೇಲೆ ಒಂದೇ ಕೋಣೆ, ಇಬ್ಬರಿಗೂ ಸೇರಿ ಒಂದೇ ಮೇಜು. ಗೇಣುದ್ದದ ಮಾದರಿ ವಿಮಾನ, ರೈಲು, ಲಾರಿಗಳಿಗೆ ಬೆಳ್ಳಿ ಬಣ್ಣ ಹೊಡೆಯುವುದು ಅಕ್ಕನ ಕೆಲಸ. ಆ ಬಣ್ಣವೋ, ಬೆರಳು ತಾಗಿದರೆ ಮಾಸುವಂಥದ್ದು. ಅದರ ಮೇಲೆ ಕ್ಲಿಯರ್ ಹೊಡೆದು ಕಾಪಾಡುವುದು ತಂಗಿಯ ಕೆಲಸ. ಕ್ಲಿಯರ್ ಅಂದರೆ ಬಣ್ಣವಿಲ್ಲದ ಮೆರುಗೆಣ್ಣೆ, ಒಣಗಿದರೆ ಗಾಜಿನ ಹಾಗೆ. ಇದನ್ನು ಕಲಿಯುವಷ್ಟರಲ್ಲಿ ಅವಳು ಮನೆಯ ಚಮಚಗಳನ್ನೆಲ್ಲ ಪರೀಕ್ಷೆಗೆ ಬಳಸಿ ಮುಗಿಸಿದ್ದಳು.

ಈ ಅಕ್ಕ ತಂಗಿ ಮಾತು ಬಿಟ್ಟು ನಾಲ್ಕು ತಿಂಗಳು. ವಿಮಾನ ಹಾರಿಸಲು ಕಲಿಸುವ ಮೇಷ್ಟ್ರು ಇವರ ಹಳೇ ಗಿರಾಕಿ. ಹಿಂದಿನ ಸಲ ಅವರಿಗೆ ಕೊಟ್ಟ ವಿಮಾನ ಬೂದಿ ಬಣ್ಣಕ್ಕೆ ತಿರುಗಿತ್ತು. "ನಿನ್ನ ಕ್ಲಿಯರ್ ದಪ್ಪ" ಎಂದಳು ಅಕ್ಕ. "ನಿನ್ನ ಬೆಳ್ಳಿ ಒಣಗಿರ್ಲಿಲ್ಲ" ಎಂದಳು ತಂಗಿ. ಅಲ್ಲಿಂದ ಮುಂದೆ ಅಮ್ಮನೇ ಟಪಾಲು. ಪಾಪ, ಮೂಲೆಯಲ್ಲಿ ಹೊಲಿಗೆ ಹಾಕುತ್ತ ಕೂತವಳು, ಮೂರಡಿ ದೂರಕ್ಕೆ ಮಾತು ಸಾಗಿಸಿ ಸಾಗಿಸಿ ಸುಸ್ತಾಗಿದ್ದಳು.

ಇವತ್ತು ಮೇಷ್ಟ್ರ ಇನ್ನೊಂದು ವಿಮಾನ ಬೆಳ್ಳಿ ಮುಗಿದು ಕ್ಲಿಯರ್‌ಗೆ ಕಾದಿತ್ತು. ಅಕ್ಕ ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟಳು. "ಅಮ್ಮಾ, ಅವಳಿಗೆ ಹೇಳು. ಇದೂ ಕೆಟ್ರೆ ಕ್ಲಿಯರ್ ನಾನೇ ಹೊಡ್ಕೋತೀನಿ. ಅವಳು ಬೇರೆ ಮೇಜು ನೋಡ್ಕೊಳ್ಳಲಿ."

"ಕೇಳಿಸ್ತೇನೇ?" ಎಂದಳು ಅಮ್ಮ.

"ನಾನೇನು ಕಿವುಡೀನಾ?"

ಉತ್ತರವೇನೋ ಚುರುಕಾಗಿಯೇ ಬಂತು. ಆದರೆ ಈ ಮೇಜು ಬಿಟ್ಟರೆ ತಂಗಿಗೆ ಬೇರೆ ಕೆಲಸ ಬರುತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಮೇಷ್ಟ್ರು ಬರುವುದು ನಾಲ್ಕಕ್ಕೆ. ಬೆಳಿಗ್ಗೆ ವಿಮಾನದ ಮೇಲೆ ಬಿಸಿಲು ಬೀಳುತ್ತಿದೆ ಎಂದು ಅಮ್ಮ ಕೂಗಿದಾಗ, ತಂಗಿ ತಿಂಡಿ ಅರ್ಧಕ್ಕೆ ಬಿಟ್ಟು ಓಡಿಬಂದು ಅದನ್ನು ನೆರಳಿಗೆ ಸರಿಸಿದ್ದಳು. ಈಗ ಅಕ್ಕ ಕೆಳಗಿಳಿದು ಹೋದ ಮೇಲೆ ಕೈಗವಸು ಹಾಕಿಕೊಂಡು, ಬಣ್ಣ ಚಿಮ್ಮುವ ಏರ್‌ಬ್ರಷ್‌ಗೆ ಕ್ಲಿಯರ್ ತುಂಬಿ, ದೀಪದ ಕೆಳಗೆ ಬಾಗಿದಳು. ಎಡರೆಕ್ಕೆಯ ಬುಡದಲ್ಲಿ ಬೆರಳಿನ ಗುರುತು.

ಏರ್‌ಬ್ರಷ್ ಕೆಳಗಿಟ್ಟಳು. ಮರುಕ್ಷಣವೇ, ಹೇಳಲು ನಾಚಿಕೆ, ಹಾಲು ಕುಡಿದಷ್ಟು ಸಂತೋಷವಾಯಿತು. ಬೆಳ್ಳಿ ಹೊಡೆದವಳದ್ದಲ್ಲದೆ ಇನ್ಯಾರ ಬೆರಳು? ಕೈಗವಸಿನ ಬಗ್ಗೆ ದಿನಕ್ಕೆ ಹತ್ತು ಸಲ ಉಪದೇಶ ಮಾಡುವ ಮಹಾತಾಯಿ. ಈಗ ಕರೆದು ತೋರಿಸಿದರೆ ಅಕ್ಕ ಒರೆಸಿ ಮತ್ತೆ ಬೆಳ್ಳಿ ಹೊಡೆಯುತ್ತಾಳೆ. ಗುರುತಿನ ಜೊತೆ ಸಾಕ್ಷಿಯೂ ಹೋಗುತ್ತದೆ. ಸುಮ್ಮನೆ ಮೇಲೆ ಹೊಡೆದರೆ ಅಕ್ಕನ ತಪ್ಪು ಗಾಜಿನ ಕೆಳಗೆ ಕೂತೇ ಇರುತ್ತದೆ, ಮೇಷ್ಟ್ರೂ ಕಣ್ಣಾರೆ ನೋಡುತ್ತಾರೆ.

ಹೊಡೆದೇಬಿಟ್ಟಳು. ಮೊದಲ ಸಲ ಬೆಳ್ಳಿ ಕದಲದಂತೆ, ಉಸಿರು ಬಿಟ್ಟಷ್ಟು ತೆಳುವಾಗಿ. ಕಾದಳು. ಎರಡನೆಯದು. ಮತ್ತೆ ಕಾದಳು. ಮೂರನೆಯದು ತುಂಬು ಒದ್ದೆಯಾಗಿ. ಹದಿನಾಲ್ಕು ವರ್ಷದಲ್ಲಿ ಅವಳ ಕ್ಲಿಯರ್ ಇಷ್ಟು ಚೆನ್ನಾಗಿ ಕೂತಿರಲಿಲ್ಲ. ಗುರುತಿನ ಒಂದೊಂದು ಗೆರೆಯೂ ಎದ್ದು ಕಾಣುತ್ತಿತ್ತು.

ಮೂರು ಗಂಟೆಗೆ ಅಕ್ಕ ಮೇಲೆ ಬಂದಳು.

"ಅಮ್ಮಾ, ಎಡರೆಕ್ಕೆ ನೋಡು ಅಂತ ಹೇಳು ಅವಳಿಗೆ. ಕೈಗವಸು ಯಾರು ಹಾಕ್ಕೊಂಡಿರ್ಲಿಲ್ಲ ಅಂತ ಗೊತ್ತಾಗುತ್ತೆ" ಎಂದಳು ತಂಗಿ.

ಅಕ್ಕ ಭೂತಗನ್ನಡಿ ಹಿಡಿದು ಬಾಗಿದಳು. ಗುರುತಿನ ಗೆರೆಗಳನ್ನು ಒಂದೊಂದಾಗಿ ನೋಡಿದಳು.

"ಹೆಬ್ಬೆರಳು ತೋರ್ಸು."

ನಾಲ್ಕು ತಿಂಗಳಲ್ಲಿ ಅಮ್ಮನನ್ನು ದಾಟಿ ಬಂದ ಮೊದಲ ಮಾತು ಅದು. ತಂಗಿ ಕೈಗವಸು ಕಿತ್ತಳು. ಬಲಗೈ ಹೆಬ್ಬೆರಳಿಗೆ ಅಡ್ಡಲಾಗಿ ಹಳೇ ಗಾಯದ ಗೀಟು. ರೆಕ್ಕೆಯ ಗುರುತಿನಲ್ಲೂ ಅದೇ ಗೀಟು. ಆರು ವರ್ಷದವಳಿದ್ದಾಗ ಡಬ್ಬದ ತಗಡಿಗೆ ಕೊಯ್ದುಕೊಂಡ ಬೆರಳು. ಅದನ್ನು ಮುಷ್ಟಿಯಲ್ಲಿ ಬಿಗಿ ಹಿಡಿದು ಆಸ್ಪತ್ರೆಯವರೆಗೂ ಓಡಿದವಳು ಅಕ್ಕನೇ. ಬೆಳಗಿನ ಬಿಸಿಲು, ತಿಂಡಿಯ ಕೈ, ಎಲ್ಲ ಈಗ ನೆನಪಾಗಿ, ಭೂಮಿ ಬಾಯಿ ಬಿಡಬಾರದೇ ಎನಿಸಿತು ತಂಗಿಗೆ.

ಅಕ್ಕ ಬೈಯಲಿಲ್ಲ. ಬಟ್ಟೆಗೆ ಬಣ್ಣ ಕರಗಿಸುವ ಥಿನ್ನರ್ ಸುರಿದು ರೆಕ್ಕೆ ಒರೆಸತೊಡಗಿದಳು. "ಅಮ್ಮಾ, ಮೇಷ್ಟ್ರಿಗೆ ಫೋನ್ ಮಾಡಿ ನಾಳೆ ಬನ್ನಿ ಅನ್ನು. ಬೆಳ್ಳಿ ಸರಿಯಾಗಿ ಕೂತಿಲ್ಲ ಅನ್ನು."

ಅದು ತಂಗಿಗೆ ಬೈಗುಳಕ್ಕಿಂತ ಹೆಚ್ಚು ಉರಿಯಿತು. ಅಮ್ಮನ ಕೈಯಿಂದ ಫೋನ್ ಕಿತ್ತುಕೊಂಡಳು.

"ಮೇಷ್ಟ್ರೇ, ಗಾಜು ಮಾತಾಡ್ತಿರೋದು. ಬೆಳ್ಳಿ ಚೆನ್ನಾಗೇ ಕೂತಿತ್ತು. ಅದ್ರ ಮೇಲೆ ಬಿದ್ದಿದ್ದು ನನ್ನ ಬೆರಳು. ಅಕ್ಕಂದು ಅಂದ್ಕೊಂಡು, ಕಂಡೂ ಕಂಡೂ ಮೇಲೆ ಕ್ಲಿಯರ್ ಹೊಡೆದೆ."

ಒರೆಸುತ್ತಿದ್ದ ಕೈ ನಿಂತಿತು. ಬೆರಳು ಯಾರದೆಂದು ಅಕ್ಕನಿಗೆ ಗೊತ್ತಾಗಿತ್ತು. ಕಂಡೂ ಹೊಡೆದದ್ದು ಗೊತ್ತಿರಲಿಲ್ಲ. ಅಮ್ಮ ಇಬ್ಬರ ಮುಖವನ್ನೂ ನೋಡಲಾರದೆ ಕಿಟಕಿಯತ್ತ ತಿರುಗಿದಳು.

ಅಕ್ಕ ಬಟ್ಟೆಯನ್ನು ಪರ್ರನೆ ಎರಡಾಗಿ ಹರಿದಳು. ಒಂದು ತುಂಡು ಮೇಜಿನ ಈಚೆಗೆ ಬಂದು ಬಿತ್ತು.

"ಬುಡದ ಕಡೆ ನೀನು ಒರೆಸು" ಎಂದಳು, ತಂಗಿಯತ್ತ ನೋಡದೆ. "ಕೈಗವಸು ಹಾಕ್ಕೊಂಡು."