ಮಂಜು ಕಟ್ಟಿದ ಸ್ಪೀಡೋಮೀಟರ್

ಬನಶಂಕರಿಯಲ್ಲಿ ನನ್ನದು ಕಾರಿನ ಮೀಟರ್ ರಿಪೇರಿ ಅಂಗಡಿ. ಒಂದು ಭಾನುವಾರ ಬೆಳಿಗ್ಗೆ ಜಯನಗರದ ನಿವೃತ್ತ ದಂಪತಿ ಹಳೇ ಕಾರಿನಲ್ಲಿ ಬಂದರು. ಸ್ಪೀಡೋಮೀಟರಿನ ಗಾಜಿನ ಸುತ್ತಲಿನ ರಬ್ಬರ್ ಸವೆದು, ಒಳಗೆ ತೇವ ಸೇರಿ, ಗಾಜೆಲ್ಲ ಮಂಜು ಕಟ್ಟಿತ್ತು.

"ಇಷ್ಟು ದಿನ ಸ್ಪೀಡ್ ಹೇಗೆ ನೋಡ್ತಿದ್ರಿ ಸಾರ್?" ಅಂತ ಕೇಳಿದೆ.

"ನನಗೇನೂ ಕಾಣಲ್ಲ. ಇವಳಿಗೆ ಪಕ್ಕದಿಂದ ಬಗ್ಗಿದ್ರೆ ಕಾಣತ್ತಂತೆ, ಹೇಳ್ತಾಳೆ," ಅಂದರು. ಆಕೆ ಗಂಭೀರವಾಗಿ ತಲೆಯಾಡಿಸಿದರು.

ಹೊಸ ರಬ್ಬರ್ ಕೂರಿಸಿ, ಗಾಜು ಒರೆಸಿ, ಮೂವರೂ ಟ್ರಯಲ್‌ಗೆ ಹೊರಟೆವು. ಕನಕಪುರ ರಸ್ತೆ ಖಾಲಿಯಿತ್ತು. ಸಾರ್ ತಮ್ಮ ಎಂದಿನ ವೇಗ ಹಿಡಿದರು. ಮುಳ್ಳು ಮೂವತ್ತಕ್ಕೆ ನಿಂತಿತು.

"ನೀವು ರಿಪೇರಿ ಮಾಡಿದ ಮೀಟರ್ ತಪ್ಪು ತೋರಿಸ್ತಿದೆ ಕಣ್ರೀ. ಇದು ಅರವತ್ತು," ಅಂದರು.

ನಾನು ಮೊಬೈಲಿನಲ್ಲಿ ವೇಗ ತೋರಿಸಿದೆ. ಅಲ್ಲೂ ಮೂವತ್ತೇ ಇತ್ತು. ಅವರು ಕಾರು ಪಕ್ಕಕ್ಕೆ ಹಾಕಿ ಹೆಂಡತಿಯ ಕಡೆ ತಿರುಗಿದರು.

"ಎರಡು ವರ್ಷದಿಂದ ಇದನ್ನೇ ಅರವತ್ತು ಅಂತಿದ್ಯಾ?"

"ಮೂವತ್ತು ಅಂದಿದ್ರೆ ಇನ್ನೂ ತುಳೀತಿದ್ರಿ," ಅಂದರು ಆಕೆ.

ನಾನು ಕಿಟಕಿಯಾಚೆ ನೋಡುತ್ತಾ ನಗು ತಡೆದುಕೊಂಡೆ. ಸಾರ್ ಮತ್ತೆ ಮುಳ್ಳಿನ ಕಡೆ ನೋಡಿ, "ಅದಕ್ಕೇ ಆಟೋದವರೆಲ್ಲ ಬೈಕೊಂಡು ಮುಂದೆ ಹೋಗ್ತಿದ್ರು," ಅಂದರು. ಆಮೇಲೆ ಅವರೇ ಮೊದಲು ನಕ್ಕರು.

ಅಂಗಡಿಗೆ ವಾಪಸ್ ಬಂದಾಗ ಮೇಡಂ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದರು: "ಈ ರಬ್ಬರ್ ಎಷ್ಟು ವರ್ಷ ಬರತ್ತೆ?"

"ಹತ್ತು ವರ್ಷ ಯೋಚನೆನೇ ಇಲ್ಲ ಮೇಡಂ," ಅಂದೆ ಹೆಮ್ಮೆಯಿಂದ.

"ಸ್ವಲ್ಪ ಸಾಧಾರಣದ್ದು ಇರ್ಲಿಲ್ವಾ?"

ಕಳಪೆ ಮಾಲು ಹಾಕಲಿಲ್ಲ ಅಂತ ಗಿರಾಕಿ ನನ್ನ ಮೇಲೆ ಬೇಜಾರು ಮಾಡಿಕೊಂಡಿದ್ದು ಅದೊಂದೇ ಸಲ.