ಕಿಂಡಿಯಮ್ಮನ ಶಾಲಿನ ಅಂಚು

ನಮ್ಮ ಅತ್ತೆ ಊರಿನ ಅರ್ಧ ಜನಕ್ಕೆ ಗೊತ್ತು, ಅವರ ಮುಖ ಮಾತ್ರ ಮೊನ್ನೆಯವರೆಗೆ ಯಾರಿಗೂ ಗೊತ್ತಿರಲಿಲ್ಲ. ಸಿನಿಮಾ ಮಂದಿರದ ಟಿಕೆಟ್ ಕೌಂಟರಿನಲ್ಲಿ, ಕೈಯಷ್ಟೇ ತೂರುವ ಕಿಂಡಿಯ ಹಿಂದೆ, ನಮ್ಮನೆಯವರು ಹುಟ್ಟುವ ಮೊದಲಿನಿಂದ ಕೂತವರು. ಜನ ಕಂಡದ್ದು ಟಿಕೆಟ್ ಹರಿದು ಕೊಡುವ ಎರಡು ಕೈ. ಹಾಗಾಗಿ ಎಲ್ಲರ ಬಾಯಲ್ಲೂ ಕಿಂಡಿಯಮ್ಮ. ಆಟ ಶುರುವಾದರೆ ಮುಂದಿನ ಆಟಕ್ಕೆ ಸಾಲು ನಿಲ್ಲುವವರೆಗೂ ಆ ಕೈಗಳು ಉಲ್ಲನ್ ಹೆಣೆಯುತ್ತಿದ್ದವು.

ಹೆಣಿಗೆಯಲ್ಲಿ ಎತ್ತಿ ಆಡುವಂಥ ಒಂದು ತಪ್ಪಿಲ್ಲ, ಕೊನೆಯ ಸಾಲಿಗೆ ಬರುವವರೆಗೆ. ಕಡ್ಡಿಯ ಮೇಲಿನ ಕುಣಿಕೆಗಳನ್ನು ಒಂದರೊಳಗೊಂದು ಎಳೆದು, ಬಿಚ್ಚಿಹೋಗದಂತೆ ಮುಗಿಸುವಾಗ ಅತ್ತೆ ನೂಲನ್ನು ಹಗ್ಗದಂತೆ ಜಗ್ಗುತ್ತಾರೆ. ಅವರು ಮುಚ್ಚಿದ ಡಬ್ಬ ತೆರೆಯಲು ಇಬ್ಬರು ಬೇಕು. ಅವರು ತಿರುಗಿಸಿ ನಿಲ್ಲಿಸಿದ ನಲ್ಲಿಯನ್ನು ತೆರೆದುಕೋ ಎಂದು ಬೇಡಿಕೊಳ್ಳಬೇಕು. ಅದೇ ಕೈ! ಅಂಚು ಬಿಗಿದು ಇಡೀ ಶಾಲು ಚೀಲದ ಬಾಯಿಯಂತೆ ಸುರುಟಿಕೊಳ್ಳುತ್ತದೆ; ಹೊದ್ದರೆ ಹೆಗಲಿಂದ ಜಾರಿ ಬೀಳುತ್ತದೆ.

ಅವರು ಕೊಟ್ಟ ಶಾಲನ್ನು ಯಾರೂ ಹೊದೆಯುತ್ತಿರಲಿಲ್ಲ. ನಾದಿನಿ ಹೊಲಿಗೆ ಯಂತ್ರಕ್ಕೆ ಮುಸುಕು ಹಾಕಿದ್ದಳು. ಮೈದುನ ಸ್ಕೂಟರಿನ ಸೀಟಿಗೆ ಟೋಪಿಯಂತೆ ತೊಡಿಸಿದ್ದ, ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತ್ತು.

"ಈಗಿನವರಿಗೆ ಕೈಕೆಲಸ ಅಂದ್ರೆ ತಾತ್ಸಾರ," ಎಂದು ಅತ್ತೆ ಮುಖ ಊದಿಸುತ್ತಿದ್ದರು. ನಿಜ ಹೇಳುವವರಿರಲಿಲ್ಲ. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು?

ಮೊನ್ನೆ ಶನಿವಾರ ಅವರ ನಿವೃತ್ತಿ ಇತ್ತು. ಮಧ್ಯಂತರದಲ್ಲಿ ಸಿನಿಮಾ ಮಂದಿರದವರು ಪರದೆಯ ಮುಂದೆ ನಿಲ್ಲಿಸಿ ಮಾತಾಡಿಸುವವರಿದ್ದರು. ಜನ ಅವರನ್ನು ಇಡಿಯಾಗಿ ನೋಡುವುದು ಅದೇ ಮೊದಲು. ಅದಕ್ಕೆಂದೇ ತಮಗಾಗಿ ಒಂದು ಶಾಲು ಹೆಣೆದಿದ್ದರು. ಕೆನೆ ಬಣ್ಣ, ಕುತ್ತಿಗೆಯ ಬಳಿ ಶುರುವಾಗಿ ಅಗಲವಾಗುತ್ತ ಹೋಗುವಂಥದ್ದು. ಅದರಲ್ಲಿ ಕೊನೆಯ ಸಾಲೇ ಎಲ್ಲಕ್ಕಿಂತ ಉದ್ದ.

ಹಿಂದಿನ ಭಾನುವಾರ ಮುಗಿಸಿ, ಕನ್ನಡಿಯ ಮುಂದೆ ಹೊದ್ದರು. ಜಾರಿತು. ಪಿನ್ನು ಚುಚ್ಚಿದರು. ಬೆನ್ನ ಮೇಲೆ ಗೂನಿನಂತೆ ಎದ್ದಿತು.

"ನನ್ನ ಹೆಗಲೇ ಸರಿಯಿಲ್ವೇನೋ ಕಣೆ," ಅಂದರು.

ನನ್ನ ಕಂಕುಳಲ್ಲಿ ಮಗಳು ಪುಟ್ಟಿ ಕೊಸರಾಡುತ್ತಿದ್ದಳು, ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು. ಆದರೂ ಆ ಮಾತು ಕೇಳಿ ಸುಮ್ಮನಿರಲಾಗಲಿಲ್ಲ.

"ಹೆಗಲು ಸರಿಯಾಗೇ ಇದೆ ಅತ್ತೆ. ಅಂಚು ಬಿಗಿ. ನೀವು ಹಾಕಿದ್ದೆಲ್ಲದರ ಅಂಚೂ ಬಿಗಿ. ಅದಕ್ಕೇ ಯಾರೂ ಹೊದೆಯಲ್ಲ."

ನಮ್ಮನೆಯವರು ಪೇಪರಿನ ಹಿಂದೆ ಅವಿತುಕೊಂಡರು.

"ಎಲ್ಲರಿಗೂ ಗೊತ್ತಿತ್ತಾ?" ಎಂದರು ಅತ್ತೆ.

"ಅಮ್ಮಾ, ಅದು ಹಾಗಲ್ಲ..." ಎಂದು ನಮ್ಮನೆಯವರು ಬಾಯಿಬಿಟ್ಟರು.

"ನೀನು ಸುಮ್ನಿರೋ, ಹೆತ್ತವಳ ಹತ್ರ ನಾಟಕ ಬೇಡ." ಆಮೇಲೆ ನನ್ನ ಸರದಿ. "ನೀನು ಕಟ್ಟಿದ ಲಂಗೋಟಿ ಮಗು ಹೊಸಿಲು ದಾಟೋದ್ರೊಳಗೆ ಉದುರತ್ತೆ. ನೀನು ನಂಗೆ ಅಂಚು ಹೇಳ್ಕೊಡ್ತೀಯಾ!"

ಆದರೂ ಬಿಚ್ಚಿದರು. ಮತ್ತೆ ಹಾಕಿದರು, ಮತ್ತೆ ಬಿಗಿ. ಬುಧವಾರದವರೆಗೂ ಇದೇ ರಾಮಾಯಣ. ಕೊನೆಗೆ ಎಲ್ಲವನ್ನೂ ಬುಟ್ಟಿಗೆ ಎಸೆದರು.

"ಸಡಿಲ ಬಿಡು ಅಂದ್ರೆ ಬೆರಳು ಕೇಳಲ್ಲ ಕಣೆ. ಕಿಂಡಿ ಹಿಂದೇನೇ ಚೆನ್ನಾಗಿದ್ದೆ. ನಾನು ಶನಿವಾರ ಹೋಗೋದೇ ಇಲ್ಲ."

ನನಗೆ ಸಿಟ್ಟೂ ಬಂತು, ಪಾಪ ಅಂತಲೂ ಅನ್ನಿಸಿತು. ಬೆರಳು ಕೇಳದಿದ್ದರೆ ಕಡ್ಡಿ ಬದಲಾಯಿಸಬೇಕು, ಇನ್ನೇನು? ಬೇಕಾದಷ್ಟು ದಪ್ಪದ ಕಡ್ಡಿ ಅಂಗಡಿಯಲ್ಲಿರಲಿಲ್ಲ. ಪುಟ್ಟಿಯ ಕೈಯಿಂದ ಬಣ್ಣ ಹಚ್ಚುವ ದಪ್ಪ ನೀಲಿ ಪೆನ್ಸಿಲ್ ಕಿತ್ತುಕೊಂಡೆ. ಅವಳು ಮನೆ ಹಾರಿಹೋಗುವಂತೆ ಕಿರುಚಿದಳು.

"ಇದರಲ್ಲಿ ಹಾಕಿ ಅತ್ತೆ. ಎಷ್ಟು ಜಗ್ಗಿದ್ರೂ ಕುಣಿಕೆ ಪೆನ್ಸಿಲಿಗಿಂತ ಸಣ್ಣಗಾಗಲ್ಲ."

ಜಗ್ಗಿದರು. ಆಗಲಿಲ್ಲ. ಅಂಚು ಅಲೆಯಲೆಯಾಗಿ ಇಳಿದು ಬಂತು. ಅತ್ತೆಯ ಮುಖದಲ್ಲಿ ನಗು ಮೂಡಿತು. ಆಗಲೇ ಇಬ್ಬರೂ ನೋಡಿದ್ದು: ಕುಣಿಕೆ ಕುಣಿಕೆಗೂ ಒಂದೊಂದು ನೀಲಿ ಚುಕ್ಕೆ! ತುದಿಗೆ ಏನಾದರೂ ಸುತ್ತಬೇಕೆಂಬ ಬುದ್ಧಿ ಇಬ್ಬರಿಗೂ ಬಂದಿರಲಿಲ್ಲ.

ಸೋಪಿನಲ್ಲಿ ನೆನೆಸಿದೆ, ಬೆರಳ ತುದಿಯಲ್ಲಿ ತಿಕ್ಕಿದೆ. ಚುಕ್ಕೆ ಮಸುಕಾಯಿತು, ಹೋಗಲಿಲ್ಲ. ಒದ್ದೆ ಶಾಲನ್ನು ಎಳೆದು ಹರವಿ ಸುತ್ತಲೂ ಪಿನ್ನು ಚುಚ್ಚಿ ಒಣಗಿಸಿದರೇ ಆಕಾರ ನಿಲ್ಲುವುದು. ಅಷ್ಟು ಜಾಗ ಇದ್ದದ್ದು ನಮ್ಮ ಹಾಸಿಗೆಯ ಮೇಲೆ ಮಾತ್ರ. ಅದು ಒಣಗುವವರೆಗೆ ನಾವು ಮೂವರೂ ನೆಲದ ಮೇಲೆ. ಪುಟ್ಟಿ ಕಿತ್ತೆಸೆದ ಪಿನ್ನೊಂದು ನನ್ನ ಹಿಮ್ಮಡಿಗೇ ಸಿಕ್ಕಿತು.

ಶನಿವಾರ ಅತ್ತೆ ಪರದೆಯ ಮುಂದೆ ನಿಂತರು. ಶಾಲು ಹೆಗಲ ಮೇಲೆ ಕೂತಿತ್ತು, ಹೇಳಿದ ಮಾತು ಕೇಳುವ ಮಗುವಿನಂತೆ. ಜನರಿಗೆ ಪಾಪ್‌ಕಾರ್ನ್ ಚಿಂತೆ.

"ಯಾರ್ರೀ ಇದು, ಬೇಗ ಸಿನಿಮಾ ಹಾಕಿ," ಎಂದ ಹಿಂದಿನ ಸೀಟಿನವನು.

ಅತ್ತೆ ಮೈಕಿಗೆ ಕೈ ಚಾಚಿದರು. ಅವನೇ ಎದ್ದು ನಿಂತ. "ಅಯ್ಯೋ, ಈ ಕೈ ನಮ್ಮ ಕಿಂಡಿಯಮ್ಮಂದು ಕಣ್ರೋ!" ಆಗ ಬಿತ್ತು ನೋಡಿ ಚಪ್ಪಾಳೆ. ಅತ್ತೆ ಎರಡು ಕೈಯನ್ನೂ ಎತ್ತಿ ತೋರಿಸಿದರು. ಕೈ ಎತ್ತಿದರೂ ಶಾಲು ಜಾರಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ನಾನು ಸುಖಿ. ಮರುದಿನ ಬಾಗಿಲಲ್ಲಿ ಮೂಟೆಗಳು. ಅತ್ತೆ ಎಲ್ಲರಿಗೂ ಫೋನು ಮಾಡಿ ಕೊಟ್ಟ ಶಾಲುಗಳನ್ನೆಲ್ಲ ವಾಪಸು ತರಿಸಿದ್ದಾರೆ, ಸ್ಕೂಟರಿನ ಟೋಪಿಯನ್ನೂ ಬಿಟ್ಟಿಲ್ಲ.

"ಅಂಚು ಬಿಚ್ಚೋದು ನಿನ್ನ ಪಾಲು, ಹಾಕೋದು ನನ್ನ ಪಾಲು," ಎಂದರು.

ಅವರು ಬಿಗಿದ ಗಂಟು ಬಿಚ್ಚಿ ಬಿಚ್ಚಿ ನನ್ನ ಉಗುರು ಸವೆದಿದೆ. ಹಾಸಿಗೆ ಮತ್ತೆ ಒದ್ದೆ, ಪೆನ್ಸಿಲಿಗಾಗಿ ಪುಟ್ಟಿಯ ಅಳು ನಿಂತಿಲ್ಲ. ಇದನ್ನು ಬರೆಯುತ್ತಿರುವಾಗಲೇ ಒಳಗಿನಿಂದ ಕೂಗು: "ಏನೇ, ಅಂಗಡಿಗೆ ಹೋದ್ರೆ ಇನ್ನೊಂದು ದಪ್ಪ ಪೆನ್ಸಿಲ್ ತಾ. ಈ ಸಲ ಬಿಳೀದು!"