ಬೈಯುವ ಮೊದಲು ಉಂಡು ಬಂದವರು

ಬೈಬಲಿನ ಇಬ್ರಿಯ ಪ್ರವಾದಿಗಳನ್ನು ಓದುವವರಲ್ಲಿ ಎರಡು ಪಂಗಡಗಳಿವೆ. ಒಂದಕ್ಕೆ ಗುಡುಗು ಮಾತ್ರ ಕೇಳಿಸುತ್ತದೆ, ಇನ್ನೊಂದಕ್ಕೆ ಕಾಮನಬಿಲ್ಲು ಮಾತ್ರ ಕಾಣಿಸುತ್ತದೆ. ಈ ಎರಡೂ ಪಂಗಡದವರ ಕಿವಿ ಹಿಂಡಿ ಒಂದೇ ಬೆಂಚಿನ ಮೇಲೆ ಕೂರಿಸಿ, ದೇವರ ನ್ಯಾಯತೀರ್ಪನ್ನೂ ದೇವರು ಕೊಟ್ಟ ನಿರೀಕ್ಷೆಯನ್ನೂ ಒಟ್ಟಿಗೆ ಓದಿಸಿದ ನಮ್ಮ ಪೂಜ್ಯ ಗುರುಗಳು ಈ ತಿಂಗಳು ದೈವಶಾಸ್ತ್ರ ಕಾಲೇಜಿನ ಸೇವೆಯಿಂದ ನಿವೃತ್ತರಾಗುತ್ತಿದ್ದಾರೆ. ಅವರ ಅಭಿನಂದನಾ ಸಂಪುಟಕ್ಕೆ ಬರೆಯಬೇಕೆಂಬ ಕರೆ ಬಂದಾಗ ನಾನು ಅಕ್ಷರಶಃ ಕುಣಿದಾಡಿದೆ. ಹೊಗಳಿಕೆ ಮಿತಿಯಲ್ಲಿರಲಿ ಎಂದು ಸಂಪಾದಕರು ತಾಕೀತು ಮಾಡಿದ್ದಾರೆ. ನನ್ನ ಕೈಲಾದಷ್ಟು ಪ್ರಯತ್ನಿಸುತ್ತೇನೆ.

ನಾನು ವಿದ್ಯಾರ್ಥಿನಿಯಾಗಿ ಬಂದ ವರ್ಷವೇ ಅವರ ಅಡ್ಡಹೆಸರು ಕಿವಿಗೆ ಬಿತ್ತು: ಊಟದ ಮೇಷ್ಟ್ರು. ತಿಂಡಿಪೋತರೇನೂ ಅಲ್ಲ, ಕಡ್ಡಿಯಂತಿದ್ದರು. ಹೆಸರಿಗೆ ಕಾರಣ ಅವರು ತರಗತಿಯಲ್ಲಿ ಇಟ್ಟುಕೊಂಡಿದ್ದ ಒಂದು ಕಟ್ಟಳೆ. ಪ್ರಸಂಗದ, ಅಂದರೆ ಆರಾಧನೆಯಲ್ಲಿ ಮಾಡುವ ಉಪದೇಶದ, ಅಭ್ಯಾಸದಲ್ಲಿ ಯಾರ ಮೇಲಾದರೂ ಪ್ರವಾದಿಯ ತೀರ್ಪಿನ ಮಾತನ್ನು ಓದಬೇಕೆಂದರೆ, ಮೊದಲು ಅವರ ಮನೆಗೆ ಹೋಗಿ ಒಂದು ಹೊತ್ತು ಉಂಡು ಬರಬೇಕು. ನಾನಾಗ ಹಾಸ್ಟೆಲಿನ ವಾರ್ಡನ್ ಅಮ್ಮನ ಬಿಗಿಯ ವಿರುದ್ಧ ಬೆಂಕಿ ಕಾರುವ ಪ್ರಸಂಗವೊಂದನ್ನು ಸಿದ್ಧಪಡಿಸಿಕೊಂಡು, ಶಹಭಾಸ್‌ಗಿರಿ ಸಿಗುತ್ತದೆಂದು ಹಿಗ್ಗುತ್ತಾ ಅವರ ಮುಂದೆ ನಿಂತೆ.

"ಊಟ ಆಯ್ತಾ?" ಅಂದರು.

"ಆಯ್ತು ಸರ್, ಹಾಸ್ಟೆಲಲ್ಲಿ."

"ನಿನ್ನ ಹೊಟ್ಟೆ ವಿಷಯ ಕೇಳ್ಲಿಲ್ಲಮ್ಮ. ಆಕೆ ಮನೇಲಿ ಆಯ್ತಾ ಅಂದೆ."

ಹಲ್ಲು ಕಚ್ಚಿಕೊಂಡು ಹೋದೆ. ಆಕೆ ಹಾಸಿಗೆ ಹಿಡಿದ ತಾಯಿಗೆ ಚಮಚದಲ್ಲಿ ಉಣಿಸುತ್ತಲೇ ನನಗೂ ಬಡಿಸಿದರು. ನನ್ನ ಪ್ರಸಂಗದ ಅರ್ಧ ಅಲ್ಲೇ ಉದುರಿಹೋಯಿತು. ಉಳಿದರ್ಧ ಆಗಲೂ ನಿಜವಾಗಿಯೇ ಇದ್ದುದರಿಂದ ಅದನ್ನು ಹೇಳಿದೆ. ಆಕೆ ಮುಂದಿನ ಸಾಲಿನಲ್ಲೇ ಕೂತು ಕೇಳಿದರು, ಮರುವಾರ ಗೇಟು ಹಾಕುವ ಹೊತ್ತನ್ನು ಸ್ವಲ್ಪ ಸಡಿಲಿಸಿದರು.

ಈ ಕಟ್ಟಳೆಯ ಹಿಂದೆ ಗುರುಗಳ ಇಡೀ ದೈವಶಾಸ್ತ್ರವಿತ್ತು. ಇಬ್ರಿಯ ಪ್ರವಾದಿ ಹೊರಗಿನಿಂದ ಕಲ್ಲೆಸೆಯುವವನಲ್ಲ, ತಾನು ತೀರ್ಪು ನುಡಿಯುವ ಜನರ ಜೊತೆಯಲ್ಲೇ ಸೆರೆ ಹೋಗುವವನು ಎಂದು ಅವರು ಪಾಠ ಮಾಡುತ್ತಿದ್ದರು. ಯೇಸುಸ್ವಾಮಿ ಯೆರೂಸಲೇಮಿನ ನಾಶವನ್ನು ನುಡಿಯುವ ಮುನ್ನ ಆ ಪಟ್ಟಣವನ್ನು ನೋಡಿ ಅತ್ತದ್ದನ್ನೂ, ಊರೆಲ್ಲ ಹಳಿಯುತ್ತಿದ್ದ ಸುಂಕದವನ ಮನೆಗೆ ತಾನಾಗಿ ಅತಿಥಿಯಾಗಿ ಹೋದದ್ದನ್ನೂ ನೆನಪಿಸಿ, ಶಿಲುಬೆಯ ಬಳಿ ತೀರ್ಪು ಮತ್ತು ನಿರೀಕ್ಷೆ ಎರಡೂ ಒಬ್ಬನ ಮೈಮೇಲೆಯೇ ಬಿದ್ದವು ಎನ್ನುವಾಗ ಅವರ ದನಿ ಏರುತ್ತಿತ್ತು, ಕೈಯ ಸೀಮೆಸುಣ್ಣ ಪಟ್ಟನೆ ಮುರಿಯುತ್ತಿತ್ತು. ಆ ಪಾಠ ಕೇಳಿ ಹೊರಬಂದಾಗ ನನಗೆ ಓಡಬೇಕೆನ್ನಿಸುತ್ತಿತ್ತು!

ಅವರ ಉಪಕಾರಗಳನ್ನು ಹೇಳಹೊರಟರೆ ಈ ಸಂಪುಟ ಸಾಲದು. ಇಬ್ರಿಯ ಭಾಷೆ ನನಗೆ ಕಬ್ಬಿಣದ ಕಡಲೆಯಾಗಿದ್ದಾಗ, ಒಂದು ಇಡೀ ರಜೆ ತಮ್ಮ ಮನೆಯ ಜಗಲಿಯಲ್ಲಿ ಕೂರಿಸಿಕೊಂಡು, ಮಡದಿಗೆ ಹುರುಳಿಕಾಯಿಯ ನಾರು ತೆಗೆದುಕೊಡುತ್ತಲೇ ನನಗೆ ಕ್ರಿಯಾಪದಗಳನ್ನು ಬಾಯಿಪಾಠ ಮಾಡಿಸಿದರು. ನಾನಿಂದು ಅದೇ ಭಾಷೆಯನ್ನು ಕಲಿಸುತ್ತಿದ್ದೇನೆ.

ಆದರೆ ಅವರ ಕಟ್ಟಳೆ ಅವರಿಗೇ ಉರುಳಾದ ದಿನವನ್ನು ಇಲ್ಲಿ ದಾಖಲಿಸದಿದ್ದರೆ ನನಗೆ ಸಮಾಧಾನವಿಲ್ಲ. ನಾನು ಅಧ್ಯಾಪಕಿಯಾಗಿ ಸೇರಿದ ಹೊಸದು. ಕಾಲೇಜಿನ ಹಿಂಬದಿಯಲ್ಲಿ ಬಟ್ಟೆ ಒಗೆಯುವವರ, ಅಡುಗೆಯವರ ಮನೆಗಳ ಸಾಲೊಂದಿತ್ತು. ಅದನ್ನು ಬರುವ ಸೋಮವಾರವೇ ಕೆಡವಿ ಅತಿಥಿಗೃಹ ಕಟ್ಟಬೇಕೆಂದು ಆಡಳಿತ ಮಂಡಳಿ ತೀರ್ಮಾನಿಸಿತು. ಆ ಜನಕ್ಕೆ ಬೇರೆ ಆಸರೆಯಿರಲಿಲ್ಲ. ಅವರಿಗೆ ಧೈರ್ಯ ಹೇಳಲು ಹೋದ ನನಗೆ, ಒಗೆಯುವ ಅಕ್ಕ ಬಟ್ಟೆ ಹಿಂಡುತ್ತಾ, "ಮುಂದೆ ಒಳ್ಳೇದಾಗುತ್ತೆ ಅಂತೀರಲ್ಲಮ್ಮಾ, ನಮಗೆ ಮುಂದೆ ಅಂದ್ರೆ ಈ ಸೋಮವಾರ" ಅಂದಳು. ಮಂಡಳಿಯ ಅಧ್ಯಕ್ಷರು ಮರದ ವ್ಯಾಪಾರಿ, ಗುರುಗಳ ಸ್ವಂತ ಅಕ್ಕನ ಗಂಡ. ತಂದೆಯಿಲ್ಲದ ಗುರುಗಳನ್ನು ಮನೆಯಲ್ಲಿಟ್ಟುಕೊಂಡು ಓದಿಸಿದವರೂ ಅವರೇ. ಸೋಮವಾರದ ಹಿಂದಿನ ದಿನವೇ ವಾರ್ಷಿಕ ಆರಾಧನೆ, ಪ್ರಸಂಗ ಗುರುಗಳದು. ಮಾತಾಡಿದರೆ ಅಕ್ಕನ ಮನೆಯ ಬಾಗಿಲು ಮುಚ್ಚಬಹುದು, ಸುಮ್ಮನಿದ್ದರೆ ಆ ಸಾಲಿನ ಬಾಗಿಲುಗಳೇ ಉಳಿಯವು.

ಶನಿವಾರ ಮಧ್ಯಾಹ್ನ ಗುರುಗಳು ನನ್ನನ್ನೂ ಕರೆದುಕೊಂಡು ತಮ್ಮ ಅಕ್ಕನ ಮನೆಗೆ ಹೊರಟರು. ಅಕ್ಕ ತಮ್ಮನಿಗೆ ಎರಡೆರಡು ಸಲ ಬಡಿಸಿದರು. ಗುರುಗಳು ತಟ್ಟೆ ಖಾಲಿ ಮಾಡಿ, ಕೈ ತೊಳೆಯದೆ ಕೂತರು.

"ಭಾವ, ನಾಳೆ ಪ್ರವಾದಿ ಆಮೋಸನ ಮಾತು ಓದ್ತೀನಿ. ಬಡವರನ್ನ ತುಳಿದು ಕಲ್ಲಿನ ಮನೆ ಕಟ್ಟಿದವರು ಅದರಲ್ಲಿ ಬಾಳೋದಿಲ್ಲ ಅನ್ನೋದನ್ನ. ನಿಮ್ಮನ್ನೇ ನೋಡಿ ಓದ್ತೀನಿ."

"ನನ್ನ ಅನ್ನ ತಿಂದು ನನಗೇ ಹೇಳ್ತೀಯಾ?"

"ತಿಂದಿದ್ದಕ್ಕೇ ಹೇಳ್ತಿದೀನಿ. ಬೇರೆಯವರಾಗಿದ್ರೆ ನನಗೇನು?" ಎಂದವರ ಕಣ್ಣಿಂದ ನೀರು ತಟ್ಟೆಗೇ ಬಿತ್ತು. "ತಪ್ಪದೆ ಬನ್ನಿ ಭಾವ. ನೀವು ಬರದಿದ್ರೆ ನನಗೆ ಓದೋಕಾಗಲ್ಲ."

ಅವರು ಬಂದರು. ಹೇಳಿದಂತೆಯೇ ಗುರುಗಳು ಅವರನ್ನು ನೋಡುತ್ತಲೇ ತೀರ್ಪನ್ನು ಓದಿದರು. ಬಳಿಕ ಅದೇ ಪ್ರವಾದನೆಯ ಕೊನೆಗೆ ತಿರುಗಿ, ದೇವರು ನೆಟ್ಟ ಜನರನ್ನು ಅವರ ನೆಲದಿಂದ ಇನ್ನು ಯಾರೂ ಕೀಳಲಾರರು ಎಂಬ ವಾಗ್ದಾನವನ್ನು ಓದಿದರು. ಹಿಂದಿನ ಬೆಂಚುಗಳಲ್ಲಿ ಕೂತಿದ್ದ ಒಗೆಯುವವರಿಗೆ ಅದು ನಿರೀಕ್ಷೆ, ಮುಂದಿನ ಸಾಲಿಗೆ ಅದೇ ತೀರ್ಪು! ಆರಾಧನೆ ಮುಗಿದೊಡನೆ ಅಧ್ಯಕ್ಷರು ಹೊರಟುಹೋದರು. ಸೋಮವಾರ ಕೆಡವುವವರು ಬರಲಿಲ್ಲ, ಆಮೇಲೂ ಬರಲಿಲ್ಲ. ಭಾವ ಮಾತ್ರ ಬಹುಕಾಲ ಗುರುಗಳ ಜೊತೆ ಮಾತು ಬಿಟ್ಟರು. ಪ್ರಾಂಶುಪಾಲ ಹುದ್ದೆಯೂ ಗುರುಗಳ ಕೈ ತಪ್ಪಿತು. ಅದರ ಬಗ್ಗೆ ಅವರು ಕೊರಗಿದ್ದನ್ನು ನಾನು ಕಂಡಿಲ್ಲ, ಭಾವನ ಮೌನಕ್ಕೆ ಮಾತ್ರ ತುಂಬಾ ಕೊರಗಿದರು.

ಮೊನ್ನೆ ಈ ಸಂಪುಟಕ್ಕಾಗಿ ಒಂದೆರಡು ಮಾತು ಕೇಳಲು, ಈಗ ಕೋಲೂರಿ ನಡೆಯುವ ಆ ಭಾವನವರ ಮನೆಗೆ ಅಳುಕುತ್ತಲೇ ಹೋದೆ. ಗುರುಗಳ ಹೆಸರೆತ್ತಿದೊಡನೆ ಅವರ ಮುಖ ಅರಳಿತು.

"ಆಗ ಸುತ್ತ ಇದ್ದೋರೆಲ್ಲ ನನ್ನನ್ನ ಹೊಗಳೋರೇ. ಬೆನ್ನ ಹಿಂದೆ ಮಾತ್ರ, ಈ ಆಸಾಮಿ ಬದಲಾಗಲ್ಲ ಬಿಡಿ ಅಂತಿದ್ರಂತೆ. ನಾನು ಇನ್ನೂ ಸರಿಹೋಗ್ತೀನಿ ಅಂತ ನಂಬಿದ್ದೋನು ಅವನೊಬ್ಬನೇ ಕಣಮ್ಮ. ನಂಬದೆ ಇದ್ದಿದ್ರೆ ಅಳ್ತಾ ಬಯ್ಯೋಕೆ ಯಾಕೆ ಬರ್ತಿದ್ದ?"

ನಾನು ಇಷ್ಟು ವರ್ಷ ಪ್ರವಾದಿಗಳನ್ನು ಪಾಠ ಮಾಡಿಯೂ ಇದನ್ನು ಇಷ್ಟು ಚೆನ್ನಾಗಿ ಹೇಳಿಲ್ಲ. ಪ್ರೀತಿಯ ಗುರುಗಳೇ, ದೇವರು ತಮಗೆ ದೀರ್ಘಾಯುಸ್ಸನ್ನೂ ಗಟ್ಟಿಯಾದ ಗಂಟಲನ್ನೂ ಕೊಡಲಿ, ಪ್ರವಾದಿ ಯೆರೆಮೀಯನನ್ನು ಕುರಿತು ತಾವು ಆರಂಭಿಸಿರುವ ಬರವಣಿಗೆ ಮುಗಿಯಲಿ. ನಮ್ಮ ಮೇಲೆಯೂ ಕೈಬಿಡದಷ್ಟು ನಂಬಿಕೆ ಇಟ್ಟು, ಇನ್ನೂ ಬಹುಕಾಲ ನಮ್ಮನ್ನು ಬೈಯುತ್ತಿರಿ.